ಖಾರಘರದ ಸರ್ಕಲ್ಲಿನ ಉಲ್ಟಾ ಸುತ್ತು

೧೯೯೬ರ ಮೇ ೧೫, ಬುಧವಾರ, ಬೆಳಿಗ್ಗೆ ಏಳೂಕಾಲು. ಖಾರಘರದ ಪೊಲೀಸ್ ಚೌಕಿಗೆ ಬಂದ ಸಾಬವ್ವ ಬೆಂಚು ತೋರಿಸಿದರೂ ಕೂರಲಿಲ್ಲ. ಆರು ಗಂಟೆಗೆ ಅವಳ ಗಂಡ ಭೀಮುವನ್ನು ಬಿಳಿ ಮಾರುತಿ ಕಾರೊಂದು ಗುದ್ದಿ ಓಡಿಹೋಗಿತ್ತು. ಗುಲ್ಬರ್ಗಾ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವನು. ಈಗ ಸರಕಾರಿ ಆಸ್ಪತ್ರೆಯಲ್ಲಿದ್ದ, ಬಲಗಾಲು ಉಳಿಯುವುದು ಅನುಮಾನ.

“ಕುಡದು ಅಡ್ಡ ಬಂದಾನಂತ ಕೆಲಸ ಮಾಡಿಸೋ ಮುಕಾದಮ ಹೇಳಾಕತ್ತಾನ್ರಿ. ಹಂಗ ಬರಕೋಬ್ಯಾಡ್ರಿ ಸಾಹೇಬ್ರ.”

ಸಬ್ ಇನ್ಸ್‌ಪೆಕ್ಟರ್ ಸರ್ವೋತ್ತಮ ಪ್ರಭು ಕಾರವಾರದವನು, ಕೂತಲ್ಲಿ ಕೂರಲಾರದ ಜೀವ. ಆಗಲೇ ಎದ್ದು ನಿಂತಿದ್ದ.

“ದಾಟುವಾಗ ಯಾವ ಕಡೆ ನೋಡಿದ?”

“ಬಲಕ್ಕ ನೋಡ್ಯಾನ್ರಿ. ಗಾಡಿ ಬರೂದು ಅಲ್ಲಿಂದನೇ ಅಲ್ಲೇನ್ರಿ? ಇದು ಎಡಕ್ಕಿಂದ ಬಂತು. ನಾ ಬಾಜೂಕೇ ಇದ್ನಿರಿ.”

ಎಫ್‌ಐಆರ್ ದಾಖಲಾಯಿತು. ಎಂಟೂವರೆಗೆ ಸ್ಥಳ ಪಂಚನಾಮೆ. ಕಟ್ಟಡಗಳಿಗಿಂತ ಮೊದಲು ಹುಟ್ಟಿದ ಅಗಲವಾದ ರಸ್ತೆ, ನಾಯಿಯೂ ಇಲ್ಲ. ಒಡೆದ ಇಂಡಿಕೇಟರಿನ ಚೂರು ಸಿಕ್ಕಿತು, ಬ್ರೇಕ್ ಹಾಕಿದ ಗುರುತು ಸಿಗಲಿಲ್ಲ. ಸರ್ಕಲ್ಲಿನ ಬಳಿ ಚಹಾ ಮಾರುವ ಚಂದ್ರಬಾಯಿ ಹೇಳಿಕೆ ಕೊಟ್ಟಳು.

“ಮೂರು ದಿನ ಆತು, ರೋಜ್ ಮುಂಜಾನೆ ಆ ಕಾರು ಬರ್ತೈತಿ. ಸರ್ಕಲ್ ಉಲ್ಟಾನೇ ಸುತ್ತತೈತಿ.”

ಕುಡಿದವನು ಒಂದು ದಿನ ತಪ್ಪು ಬದಿಗೆ ಬಂದಾನು. ಮೂರು ದಿನ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಸರ್ವೋತ್ತಮನಿಗೆ ಇಡೀ ದಿನ ಇದೇ ಗುಂಗು. ದುಬೈಯಿಂದ ರಜೆಗೆ ಬಂದ ಭಾವ ಸ್ಕೂಟರನ್ನು ರಸ್ತೆಯ ಬಲಬದಿಗೆ ಏರಿಸಿ ಅಕ್ಕನಿಂದ ಬೈಸಿಕೊಂಡದ್ದು ಸಂಜೆ ನೆನಪಾಯಿತು. ಬಲಬದಿಯಲ್ಲಿ ಗಾಡಿ ಓಡಿಸುವ ದೇಶಕ್ಕೆ ಹೊರಟ ಯಾರೋ ಇಲ್ಲಿ ಕೈ ಪಳಗಿಸುತ್ತಿದ್ದಾನೆ. ಅಂಥವನಿಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು.

ಮೇ ೧೬, ಥಾಣೆಯ ಆರ್‌ಟಿಒ ಕಚೇರಿ. ಆ ತಿಂಗಳು ಪರ್ಮಿಟ್ ಪಡೆದವರು ಹನ್ನೊಂದು ಮಂದಿ. ಹತ್ತು ಮಂದಿ ಆಗಲೇ ವಿಮಾನ ಹತ್ತಿದ್ದರು. ಉಳಿದವನು ಡೊಂಬಿವಲಿಯ ಮನೀಶ ಶೆಟ್ಟಿ, ಇಪ್ಪತ್ತಾರು ವರ್ಷ, ಹೋಟೆಲಿನವರ ಮಗ. ಹೋಗುವ ಕಾರಣ: ಫ್ರಾನ್ಸಿನಲ್ಲಿ ಪರ್ವತಾರೋಹಣ. ಲಗತ್ತಿಸಿದ ಟಿಕೆಟ್ ಮರುದಿನ ನಸುಕಿನದು. ಸರ್ವೋತ್ತಮ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮನೀಶನ ಹೆಸರಲ್ಲಿ ಕಾರು ಇರಲಿಲ್ಲ, ಬಾಡಿಗೆಯದೇ ಇರಬೇಕು. ಥಾಣೆಯ ಘೋಡಬಂದರ್ ರಸ್ತೆಯಲ್ಲಿ ಕಾರು ಬಾಡಿಗೆಗೆ ಕೊಡುವ ಮೂರನೆಯ ಗ್ಯಾರೇಜಿನಲ್ಲಿ ಬಿಳಿ ಮಾರುತಿ ಸಿಕ್ಕಿತು. ಬಲಗಡೆಯ ಇಂಡಿಕೇಟರ್ ಹೊಚ್ಚ ಹೊಸದು, ರಿಜಿಸ್ಟರಿನಲ್ಲಿ ಮನೀಶನ ಸಹಿ.

ಸಂಜೆ ಆರು, ಡೊಂಬಿವಲಿಯಲ್ಲಿ ಮನೀಶನ ಮನೆ. ಬಾಗಿಲ ಬಳಿ ಕಟ್ಟಿಟ್ಟ ಹಗ್ಗ, ಬೆನ್ನುಚೀಲ.

“ಕಾರು ಯಾಕೆ ಬೇಕಿತ್ತು?”

“ಪ್ರ್ಯಾಕ್ಟೀಸ್‌ಗೆ. ಉಧರ್ ರೈಟ್ ಸೈಡ್ ಚಲಾನಾ ಪಡತಾ ಹೈ, ಸರ್.”

“ಕನ್ನಡದಲ್ಲಿ ಹೇಳು. ಬ್ರೇಕ್ ಯಾಕೆ ಹಾಕಲಿಲ್ಲ?”

ಮನೀಶ ನೆಲ ನೋಡಿದ. “ಎಕ್ಸಲರೇಟರ್ ಒತ್ತಿದೆ. ನಂಗೆ ಗಾಡಿ ಬಿಡ್ಲಿಕ್ಕೆ ಸರಿ ಬರೂದಿಲ್ಲ. ಲೈಸನ್ಸ್ ಏಜೆಂಟ್ ಮಾಡಿಕೊಟ್ಟದ್ದು.”

“ಗಾಡಿ ಬರುವುದಿಲ್ಲ ಅಂತ ಜೊತೆಗೆ ಹೋಗುವವರಿಗೆ ಹೇಳಬಹುದಿತ್ತಲ್ಲ?”

“ನಮ್ಮ ನಾಲ್ವರಲ್ಲಿ ಬೆಟ್ಟ ಹತ್ತುವುದರಲ್ಲಿ ನಾನೇ ಲಾಸ್ಟ್, ಸರ್. ಅಲ್ಲಿ ಕಾರು ನಾನು ಓಡಿಸ್ತೇನೆ ಅಂದೆ. ಅದಕ್ಕೇ ನನ್ನನ್ನು ಟೀಮಿಗೆ ತಗೊಂಡದ್ದು.”

ಏಳು ಹತ್ತಕ್ಕೆ ಬಂಧನ. ಒಂಬತ್ತು ಗಂಟೆಗೆ ಚೌಕಿಗೆ ಆಸ್ಪತ್ರೆಯ ಫೋನ್ ಬಂತು: ಭೀಮುವಿನ ಕಾಲು ತೆಗೆದಿದ್ದರು. ಅವನ ರಕ್ತದಲ್ಲಿ ಮದ್ಯದ ಅಂಶವಿಲ್ಲ, ಅವನ ತಪ್ಪೂ ಇಲ್ಲ ಎಂದು ಸರ್ವೋತ್ತಮ ಡೈರಿಯಲ್ಲಿ ಬರೆದ. ಸಾಬವ್ವನಿಗೆ ಬೇಕಿದ್ದುದು ಅದೊಂದು ಸಾಲು. ಅದನ್ನು ಯಾವ ಮುಖ ಹೊತ್ತು ಅವಳಿಗೆ ಓದಿ ಹೇಳುವುದು?

ಅಷ್ಟರಲ್ಲಿ ಮನೀಶನ ಪರ್ವತಾರೋಹಣ ತಂಡದ ಮುಖಂಡ ತಾರಾನಾಥ ಓಡಿಬಂದ. ವಿಷಯವೆಲ್ಲ ಕೇಳಿ ಲಾಕಪ್ಪಿನ ಕಡೆ ತಿರುಗಿದ.

“ಕಾರು ಇಲ್ಲದಿದ್ರೆ ಏನಾಯ್ತು ಮಾರಾಯ? ಏರ್‌ಪೋರ್ಟಿಂದ ಬೆಟ್ಟದ ಬುಡದವರೆಗೆ ಬಸ್ ಉಂಟು. ನಿನ್ನನ್ನು ಬಿಟ್ಟು ಹೋಗುವ ಮಾತು ಯಾರು ಆಡಿದ್ರು?”

ಮನೀಶ ಎದ್ದು ಸರಳುಗಳ ಹತ್ತಿರ ಬಂದ.

“ಯಾರೂ ಆಡ್ಲಿಲ್ಲ,” ಎಂದ.