ಮಂಚ ಹೊಳ್ಳುವಷ್ಟು ಜಾಗ

ಹೆಗಲ ಮೇಲಿನ ದುಪಟ್ಟಾ ತೆಗೆದು ಮೆಟ್ಟಿಲ ತಿರುವಿನ ಗೋಡೆಗೆ ಹಿಡಿದು ಶಿವಗಂಗಾ ಅಳೆಯುತ್ತಿದ್ದಾಗ ಮೇಲಿನಿಂದ ಯಾರೋ ನಕ್ಕರು.

"ಏನ್ರೀ, ಮನೆ ನೋಡೋಕೆ ಬಂದಿದ್ದೀರೋ, ಮೆಟ್ಟಿಲಿಗೆ ಪರದೆ ಹೊಲಿಸೋಕೋ?"

ತಲೆ ಎತ್ತಿದಳು. ನಾಲ್ಕನೇ ಮಹಡಿಯ ಕಂಬಿಗೆ ಒರಗಿ ಒಬ್ಬ ನಿಂತಿದ್ದ. ಕೈಯಲ್ಲಿ ಕಾಫಿ ಲೋಟ, ಕನ್ನಡಕದ ಮೇಲೆ ಅದರ ಹಬೆ. ಹಬೆ ಆರುವವರೆಗಾದರೂ ಅವನಿಗೆ ತಾನು ಸರಿಯಾಗಿ ಕಾಣಲಿಕ್ಕಿಲ್ಲ ಎಂದು ಅವಳಿಗೆ ಸಮಾಧಾನ. ಹಬೆ ಆರಿತು, ಅವನು ನೋಡುತ್ತಲೇ ಇದ್ದ.

"ಅಪ್ಪನ ಮಂಚ ತರಬೇಕ್ರಿ. ಇಲ್ಲಿ ಹೊಳ್ಳತೈತೋ ಇಲ್ಲೋ ನೋಡಾಕತ್ತೀನಿ."

"ತಿರುಗದೇ ಇದ್ರೆ ಬಿಚ್ಚಿ ತಂದ್ರಾಯ್ತಲ್ಲ?"

"ಬಿಚ್ಚಾಕ ಬರೂದಿಲ್ಲ" ಎಂದು ಅವಳು ದುಪಟ್ಟಾ ಹೊದ್ದುಕೊಂಡಳು.

ಅವಳು ಅಳೆಯುತ್ತಿದ್ದದ್ದು ಮಂಚಕ್ಕಲ್ಲ, ಸ್ಟ್ರೆಚರಿಗೆ. ಅಪ್ಪನಿಗೆ ಇನ್ನು ಮಾಡುವುದೇನೂ ಉಳಿದಿಲ್ಲ, ನೋವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಯಾವ ಮನೆಗೆ ಎಂದು ಅವರು ಕೇಳಲಿಲ್ಲ. ಊರಿನ ಮನೆ ಬಿದ್ದು ಬಯಲಾಗಿ ಎಷ್ಟೋ ಕಾಲವಾಗಿತ್ತು.

ಉಪ್ಪಲ್‌ನ ಈ ಮೂರನೇ ಮಹಡಿಯ ಮನೆ ಎಲ್ಲದಕ್ಕೂ ಹೊಂದುತ್ತಿತ್ತು. ಮೆಟ್ರೋಗೆ ನಡೆದು ಹೋಗಬಹುದು, ಆಫೀಸಿಗೆ ಒಂದೇ ರೈಲು, ನೋವಿನ ಇಂಜೆಕ್ಷನ್ ಕೊಡುವ ಆಸ್ಪತ್ರೆ ಪಕ್ಕದ ರಸ್ತೆಯಲ್ಲಿ. ಬಾಡಿಗೆಯೂ ಅವಳ ಸಂಬಳಕ್ಕೆ ನಿಲುಕುತ್ತಿತ್ತು. ಆದರೆ ನೆಲಮಹಡಿಯಲ್ಲಿದ್ದ ಮನೆಯೊಡತಿ ಗೋದಾವರಿಬಾಯಿ ಬೀಗದ ಕೈ ಕೊಡುವ ಮುಂಚೆ ಒಂದು ಮಾತು ಕೇಳಿದ್ದರು.

"ಬಾಡಿಗಿ ತುಸು ತಡ ಆದ್ರ ನಡೀತೈತಿ. ನೀರು ಸುರುವಿದ್ರೂ ನಡೀತೈತಿ. ನಮ್ಮ ಮನ್ಯಾಗ ಸಾವು ಮಾತ್ರ ಆಗಬಾರದವ್ವ. ಬ್ಯಾನಿ ಬಿದ್ದವರು ಯಾರರ ಅದಾರೇನು?"

"ಇಲ್ರಿ. ಅಪ್ಪಗ ಮೊಣಕಾಲು ನೋವು, ಅಷ್ಟ."

ಆ ಸುಳ್ಳು ಹೇಳುವಾಗ ಅವಳ ನಾಲಿಗೆ ತಡವರಿಸಲಿಲ್ಲ. ಅವಳು ಚಿಕ್ಕವಳಿದ್ದಾಗ, ಮಲ್ಕಾಜ್‌ಗಿರಿಯಲ್ಲಿ, ಅವ್ವ ಸುಗಲಮ್ಮನ ಹೆಣ ಆಸ್ಪತ್ರೆಯಿಂದ ಬಂದಾಗ ಓನರ್ ಗೇಟಿಗೆ ಕೀಲಿ ಹಾಕಿಕೊಂಡಿದ್ದ. ಬಾಡಿಗೆಯವರ ಹೆಣ ಒಳಗೆ ಬಂದರೆ ಮನೆಗೆ ಮೈಲಿಗೆ, ಆಮೇಲೆ ಯಾರೂ ಬರುವುದಿಲ್ಲ ಎಂಬ ಭಯ ಈ ಊರಿನ ಎಷ್ಟೋ ಓನರ್‌ಗಳಿಗೆ. ಅವ್ವನನ್ನು ರಸ್ತೆ ಬದಿ, ಟ್ರಾನ್ಸ್‌ಫಾರ್ಮರ್ ಪಕ್ಕ, ತಾಡಪಾಲಿನ ಕೆಳಗೆ ಮಲಗಿಸಿದ್ದರು. ಆಟೋಗಳು ಹಾರ್ನ್ ಹೊಡೆಯುತ್ತ ಸುತ್ತು ಹಾಕಿ ಹೋಗುತ್ತಿದ್ದವು. ರೈಲು ಹಳಿಯ ಮೇಲೆ ಕೂಲಿ ಮಾಡಿ ಮುಪ್ಪಾದ ಅಪ್ಪ ಲಿಂಗಣ್ಣ ಈಗ ಮಗಳನ್ನು ಕೇಳಿದ್ದು ಒಂದೇ. "ನನ್ನ ಬೀದ್ಯಾಗ ಮಲಗಿಸಬ್ಯಾಡ, ಗಂಗಾ."

ಹೊಸ ಮನೆಯಲ್ಲಿ ಮೊದಲ ದಿನ ಹಾಲು ಉಕ್ಕಿಸಬೇಕು. ಹಾಲು ಉಕ್ಕಲಿಲ್ಲ, ಒಡೆಯಿತು. ಯಾರೂ ನೋಡುವ ಮುಂಚೆ ಶಿವಗಂಗಾ ಅದನ್ನು ಬಚ್ಚಲಿಗೆ ಚೆಲ್ಲಿ ನಲ್ಲಿ ತಿರುಗಿಸಿದಳು. ಹೊರಗೆ ಗೋದಾವರಿಬಾಯಿ ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ಬೂದುಗುಂಬಳ ಕಟ್ಟಿಸುತ್ತಿದ್ದರು. ಸ್ಟೂಲಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದವನು ಕಾಫಿಯ ಹಬೆಯವನೇ.

"ಋಷಭ್ ಅಂತ, ಮೈಸೂರಿನಾಂವ" ಎಂದರು ಗೋದಾವರಿಬಾಯಿ. "ಬಿಲ್ಡಿಂಗಿನ ಎಲ್ಲಾ ಇವನ ನೋಡಿಕೊಂತಾನ. ಕಣ್ಣಿಗಿ ಬಿದ್ದದ್ದು ಬಿಡೂದಿಲ್ಲ. ನನ್ನ ಕಣ್ಣು ಇದ್ದಂಗ."

ಋಷಭ್ ಮೇಲಿನಿಂದ ಶಿವಗಂಗಾಳ ಕಡೆ ನೋಡಿ ಒಂದು ಹುಬ್ಬು ಏರಿಸಿದ. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಅಂದು ಮುಖ ತಿರುಗಿಸಿ ಒಳಗೆ ಹೋದಳು. ಅಪ್ಪನನ್ನು ಅವಳು ಆ ರಾತ್ರಿ, ಕೆಳಗೆ ದೀಪ ಆರಿದ ಮೇಲೆ, ಆಂಬುಲೆನ್ಸಿನವರಿಂದ ಸದ್ದಿಲ್ಲದೆ ಮೇಲೆ ತರಿಸಿದಳು.

ಆಮೇಲೆ ಅವನು ಎಲ್ಲಿ ನೋಡಿದರೂ ಇದ್ದ. ತಿರುವಿನಲ್ಲಿದ್ದ ತನ್ನ ಚಪ್ಪಲಿ ಸ್ಟ್ಯಾಂಡನ್ನು ಮರುದಿನವೇ ಎತ್ತಿ ಒಳಗಿಟ್ಟುಕೊಂಡ. ಹೂಕುಂಡಗಳೂ ಮಾಯವಾದವು. ಅವನ ಬಾಗಿಲು ಹಗಲಿಡೀ ಅರ್ಧ ತೆರೆದೇ ಇರುತ್ತಿತ್ತು, ಒಳಗೆ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಕಾವಲು ಕೂತಿದ್ದಾನೆ ಎಂದುಕೊಂಡಳು ಶಿವಗಂಗಾ.

ಹಾಳಾದ್ದು, ಆ ಕಾವಲುಗಾರ ಚೆಂದವಿದ್ದ. ನಗುವಾಗ ಮೊದಲು ಕಣ್ಣು ನಗುತ್ತಿತ್ತು, ತುಟಿ ಆಮೇಲೆ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿ ಜಾಗ ಬಿಡುತ್ತಿದ್ದ, ಜಾಗ ಬಿಟ್ಟವನೇ ಮಾತಿಗೆ ಅಡ್ಡ ಹಾಕುತ್ತಿದ್ದ.

"ನಿಮ್ಮನೇಲಿ ಏನೋ ಗುಂಯ್ ಅಂತಿರುತ್ತಲ್ಲ, ಏನದು?"

ಅದು ಅಪ್ಪನಿಗೆ ಉಸಿರು ಕೊಡುವ ಆಕ್ಸಿಜನ್ ಮೆಷಿನ್. "ಹಳೇ ಫ್ರಿಜ್ರಿ" ಎಂದಳು.

"ಒಳ್ಳೇ ಫ್ರಿಜ್. ನಿಲ್ಲೋದೇ ಇಲ್ಲ." ಅವನ ಕಣ್ಣು ಅವಳ ಮುಖದಿಂದ ಕೈಚೀಲಕ್ಕೆ ಇಳಿಯಿತು. ಔಷಧಿ ಅಂಗಡಿಯ ಪೊಟ್ಟಣ ಇಣುಕುತ್ತಿತ್ತು. ಅವಳು ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಅವನು ನೋಡದವನಂತೆ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ.

"ನೀವು ಒಬ್ರ ಇರ್ತೀರೇನು?" ಮಾತು ಮರೆಸಲು ಕೇಳಿದಳು.

"ಹೂಂ. ನನ್ನ ಮನೇನ ಯಾರೂ ಕೊಳ್ತಾ ಇರ್ಲಿಲ್ಲ. ಹಿಂದೆ ಒಬ್ರು ಅಜ್ಜ ಕೆಟ್ಟ ನಕ್ಷತ್ರದಲ್ಲಿ ಹೋದ್ರಂತೆ, ಆರು ತಿಂಗಳು ಬೀಗ ಹಾಕಿದ್ರಂತೆ. ಅಗ್ಗಕ್ಕೆ ಸಿಕ್ತು, ಲೋನ್ ಮಾಡಿ ಕೊಂಡೆ."

"ಹೆದರಿಕಿ ಆಗೂದಿಲ್ಲೇನ್ರಿ?"

"ಒಬ್ನೇ ಇದ್ರೆ ಸ್ವಲ್ಪ ಆಗುತ್ತೆ" ಎಂದು ಅವಳನ್ನೇ ನೋಡಿದ. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. ಅವಳು ಚೀಲ ಎದೆಗೊತ್ತಿಕೊಂಡು ಹೊರಟಳು. ಮನೆಗೆ ಬಂದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಇವನು ತನ್ನನ್ನು ಇಷ್ಟಪಡುತ್ತಿದ್ದಾನೋ, ಹಿಡಿದುಕೊಡುತ್ತಾನೋ? ಎರಡರಲ್ಲಿ ಯಾವುದಾದರೂ ಈಗ ಅವಳಿಗೆ ಭಯವೇ.

ಒಳಗಿನಿಂದ ಅಪ್ಪ ಕ್ಷೀಣವಾಗಿ ಕೇಳಿದ, "ಯಾರವ್ವಾ ಅಂವ, ದನಿ ಚೆಂದ ಐತಿ?"

"ಯಾರೂ ಅಲ್ಲಪ್ಪ."

ಬೇಸಿಗೆ ಏರಿದಂತೆ ಬಾಗಿಲ ಮೇಲಿನ ಬೂದುಗುಂಬಳ ಕೊಳೆಯತೊಡಗಿತು. ಮೊದಲು ಹೊಟ್ಟೆಯ ಹತ್ತಿರ ಬೆರಳಗಲ ಕಪ್ಪಾಯಿತು. ಆಮೇಲೆ ಹೊಸ್ತಿಲ ಮೇಲೆ ಹನಿ ಬೀಳತೊಡಗಿತು. ಆಫೀಸಿಗೆ ಹೋಗುವ ಮುಂಚೆ ಅಪ್ಪನ ಕೈಗೆಟಕುವಂತೆ ಫೋನಿಟ್ಟು ಅವಳು ಹೊಸ್ತಿಲು ಒರೆಸುತ್ತಿದ್ದಳು, ಬರುವಷ್ಟರಲ್ಲಿ ಮತ್ತೆ ಹನಿ. ಅಪ್ಪ ಊಟ ಬಿಟ್ಟ, ಆಮೇಲೆ ಗಂಜಿಯನ್ನೂ ಬಿಟ್ಟ. ಅವಳು ಆಫೀಸಿಗೆ ರಜೆ ಹಾಕಿ ಅವನ ಪಕ್ಕ ಕೂತಳು.

ಅಂದು ಮಧ್ಯಾಹ್ನ ಹಗ್ಗ ಹರಿದು ಕುಂಬಳ ಧೊಪ್ಪೆಂದು ಬಿತ್ತು. ಸದ್ದಿಗೆ ಗೋದಾವರಿಬಾಯಿ ಮೇಲೆ ಬಂದರು. ಒಡೆದ ಹಣ್ಣಿನ ನಾತಕ್ಕೆ ಸೆರಗು ಮುಚ್ಚಿಕೊಂಡು, ಶಿವಗಂಗಾ ಅರ್ಧ ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಮಂಚ ಕಂಡಿತು, ಮೂಗಿಗೆ ಸಿಕ್ಕಿಸಿದ ನಳಿಕೆ ಕಂಡಿತು, ಒಮ್ಮೆ ಏರಿ ಮತ್ತೆ ಏರಲು ತಡ ಮಾಡುವ ಎದೆ ಕಂಡಿತು.

"ಮೊಣಕಾಲು ನೋವು ಅಂದಿದ್ದೆಲ್ಲವ್ವ!"

ಶಿವಗಂಗಾ ಬಾಗಿಲಿಗೆ ಅಡ್ಡ ನಿಂತಳು.

"ಜೀವ ಇರೂತನಕ ಆಂಬುಲೆನ್ಸ್ ಕರಸು, ದವಾಖಾನಿಗಿ ಒಯ್ಯಿ. ಹೋದ ಮ್ಯಾಲ ಈ ಗೇಟಿನ ಒಳಗ ತರಬ್ಯಾಡ. ನಾ ಕೆಟ್ಟಾಕಿ ಅಲ್ಲ. ಮ್ಯಾಲಿನ ಮನ್ಯಾಗ ಆ ಅಜ್ಜ ಹೋದಾಗ ಅದರ ಕೆಳಗಿನ ಈ ಮನಿಗೂ ಯಾರೂ ಬಾಡಿಗಿಗಿ ಬರಲಿಲ್ಲ. ಈ ಬಾಡಿಗಿ ಮ್ಯಾಲ ನನ್ನ ಒಲಿ ಉರೀತೈತಿ." ಹೇಳುತ್ತ ಅವರಿಗೇ ಅಳು ಬಂತು.

ಋಷಭ್ ಮೆಟ್ಟಿಲಿಳಿದು ಬರುತ್ತಿದ್ದ. ಶಿವಗಂಗಾ ಅವನ ಮೇಲೆ ಹಾಯ್ದಳು. "ನೀವ ಹೇಳಿದ್ರೇನು? ಹಗಲೆಲ್ಲಾ ಬಾಗಿಲ್ದಾಗ ಕುಂತು ಕಾದದ್ದು ಇದಕ್ಕೇನು?"

ಅವನು ನಿಂತ. ಇವತ್ತು ಕಣ್ಣೂ ನಗಲಿಲ್ಲ, ತುಟಿಯೂ ನಗಲಿಲ್ಲ.

"ಯಾರಿಗೂ ಹೇಳಿಲ್ಲ ಗಂಗಾ. ನನಗೆ ಮೊದಲ ದಿನವೇ ಗೊತ್ತಾಯ್ತು. ಮಂಚ ಅಳೆಯೋರು ಮಂಚದಷ್ಟೇ ಅಳೀತಾರೆ. ನೀವು ಎರಡೂ ಕಡೆ ಒಬ್ಬೊಬ್ರು ನಿಲ್ಲೋಷ್ಟು ಜಾಗ ಬಿಟ್ಟು ಅಳೀತಿದ್ರಿ. ಅದಕ್ಕೇ ಸ್ಟ್ಯಾಂಡ್ ತೆಗೆದೆ, ಕುಂಡ ತೆಗೆದೆ. ಬಾಗಿಲಲ್ಲಿ ಕೂತಿದ್ದು ಆ ಗುಂಯ್ ಅನ್ನೋ ಸದ್ದು ಕೇಳ್ತಾ. ಕರೆಂಟ್ ಹೋಗಿ ಅದು ನಿಂತ್ರೆ ಓಡಿ ಬರೋಣ ಅಂತ."

ಅವಳು ಒಳಗಿನ ಮೆಷಿನ್ ಕಡೆ ತಿರುಗಿ ನೋಡಿದಳು.

"ದವಾಖಾನೆ ಬೇಡ. ನನ್ನ ಮನೆಗೆ ಕರ್ಕೊಂಡು ಹೋಗೋಣ" ಎಂದ ಅವನು. "ಅಲ್ಲಿಗೆ ಓನರ್ ನಾನೇ. ಸಾವು ಒಮ್ಮೆ ಬಂದು ಹೋಗಿರೋ ಮನೆ, ಹೊಸದಾಗಿ ಕೆಡೋದೇನೂ ಇಲ್ಲ."

"ಮಂದಿ ಏನಂತಾರ? ನಾ ನಿಮಗ ಏನಾಗಬೇಕು?"

"ಅದನ್ನ ಕೇಳೋಕೇ ಇಷ್ಟು ದಿನದಿಂದ ಒದ್ದಾಡ್ತಿದ್ದೆ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಉತ್ತರ ಈಗ ಬೇಡ. ಏನೂ ಹೇಳ್ದೇ ಇದ್ರೂ ಬಾಗಿಲು ತೆಗೆದೇ ಇರುತ್ತೆ."

ಲಿಂಗಣ್ಣನನ್ನು ದುಪ್ಪಟಿ ಸಮೇತ ಎತ್ತಿದರು. ತಲೆಯ ಕಡೆ ಋಷಭ್, ಕಾಲ ಕಡೆ ಶಿವಗಂಗಾ. ಮೆಷಿನ್ ಹೊರುವವರಿರಲಿಲ್ಲ. ಗೋದಾವರಿಬಾಯಿ ಒಮ್ಮೆ ಗೋಡೆಯ ಕಡೆ ತಿರುಗಿದರು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಅದನ್ನು ಅಪ್ಪಿಕೊಂಡು ಹಿಂದೆ ಬಂದರು. ಕೆಳಗಿಳಿಸುವುದಕ್ಕೆಂದು ಅಳೆದಿಟ್ಟ ತಿರುವಿನಲ್ಲಿ ಅವರು ಮೇಲಕ್ಕೆ ಹೊಳ್ಳಿದರು. ಎಲ್ಲೂ ಮೈ ತಾಗಲಿಲ್ಲ.

ಕಿಟಕಿಯ ಪಕ್ಕ ಮಲಗಿಸಿ ಮೆಷಿನ್ ಹಚ್ಚಿದರು. ದೂರದಲ್ಲಿ ಮೆಟ್ರೋ ಸರಿದು ಹೋಯಿತು. ರೈಲಿನ ಸದ್ದಿಗೆ ಲಿಂಗಣ್ಣ ಕಣ್ಣು ತೆರೆದ, ಸೂರನ್ನು ನೋಡಿದ, ಗೋಡೆ ನೋಡಿದ.

"ಇದು ಯಾರ ಮನಿ, ಗಂಗಾ?"

ಋಷಭ್ ಅವಳ ಕಡೆ ನೋಡದೆ, ಆಗಲೇ ಸರಿಯಾಗಿದ್ದ ದಿಂಬನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದ.

"ಬಾಡಿಗೀದೇನು?" ಅಪ್ಪ ಮತ್ತೆ ಕೇಳಿದ. ದನಿಯಲ್ಲಿ ಹೆದರಿಕೆಯಿತ್ತು.

ಶಿವಗಂಗಾ ದಿಂಬಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಅಲ್ಲಪ್ಪ. ನಮ್ಮ ಮನಿ."