ಮೂರು ಸಲ ಜಗ್ಗಿದ ಹಗ್ಗ

ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕಿಗೆ ತಿರುಗುವ ಲೋಹದ ಗಾಳಿಕೋಳಿಗೆ ಚಿನ್ನದ ರೇಕು ಅಂಟಿಸಿದವರು ತಮ್ಮ ಹೆಸರು ಗೀರಿದ ತಗಡನ್ನು ಅದರ ಕೆಳಗಿನ ತಾಮ್ರದ ಗುಂಡಿನೊಳಗಿಟ್ಟು ಮುಚ್ಚುವುದು ನಮ್ಮ ಕಸುಬಿನ ಪದ್ಧತಿ. ಹಾರ್ಲಿಂಗನ್ ಊರಿನ ಗೋಪುರದ ಕೆಲಸಕ್ಕೆ ನಾವು ಮೂವರಿದ್ದೆವು: ಮೇಸ್ತ್ರಿ ವೀಬೆ, ಡೌವೆ, ನಾನು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಿದರೆ, ಮೇಲಿನ ರಾಟೆ ಹಾದು ಬಂದ ಅದರ ಇನ್ನೊಂದು ತುದಿಯನ್ನು ಇನ್ನೊಬ್ಬ ಕೆಳಗೆ ಹಿಡಿಯಬೇಕು. ಮೇಲಿನಿಂದ ಮೂರು ಸಲ ಜಗ್ಗಿದರೆ ಬಿಗಿಯಾಗಿ ಹಿಡಿ ಅಂತ ಅರ್ಥ.

ಮಂಗಳವಾರ ಡೌವೆ ಬಿದ್ದು ಸತ್ತ. ಹಗ್ಗ ನನ್ನ ಕೈಯಲ್ಲಿತ್ತು. ಅವನು ಜಗ್ಗಿದ್ದು ಗೊತ್ತಾಗಿತ್ತು. ಬೆಳಿಗ್ಗೆ ನನ್ನನ್ನು ಹೀಯಾಳಿಸಿದ್ದ; ಸ್ವಲ್ಪ ಹೆದರಲಿ ಅಂತ ಹಗ್ಗ ಬಿಗಿ ಮಾಡಲಿಲ್ಲ.

ಗುರುವಾರ ತಗಡಿನ ಮೇಲೆ ಹೆಸರು ಗೀರುವಾಗ, "ಡೌವೆದು?" ಅಂದೆ.

"ಬಿದ್ದವನದ್ದು ಯಾಕೋ ತ್ಯಾಲಿಂಗ್? ಗೋರಿ ಕಲ್ಲಿನ ಮೇಲೆ ಹೆಂಗೂ ಕೆತ್ತಿಸ್ತಾರಲ್ಲ!" ವೀಬೆ ನಕ್ಕ. ನಾನೂ ನಕ್ಕೆ. ಎರಡೇ ಹೆಸರು ಗೀರಿ, ಹಗ್ಗ ವೀಬೆಯ ಕೈಗೆ ಕೊಟ್ಟು ಮೇಲೆ ಹತ್ತಿದೆ.

ಗುಂಡು ಮುಚ್ಚಿ ತಲೆಯೆತ್ತಿದೆ. ಗಾಳಿಯ ಸುಳಿವಿರಲಿಲ್ಲ, ಗೋಪುರದ ಕೆಳಗಿನ ಕಾಲುವೆಯ ನೀರು ಅಲುಗುತ್ತಿರಲಿಲ್ಲ. ಕೋಳಿ ಮಾತ್ರ ಕಿರ್ರೆಂದು ತಿರುಗಿ ನನ್ನ ಭುಜಕ್ಕೆ ಬಡಿಯಿತು. ಕಾಲು ಜಾರಿತು. ಮೂರು ಸಲ ಜಗ್ಗಿದೆ.

ಹಗ್ಗ ತಕ್ಷಣ ಬಿಗಿಯಾಯಿತು. ಆಮೇಲೆ ಮೊಳ ಮೊಳವಾಗಿ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ನನ್ನನ್ನು ನೆಲಕ್ಕಿಳಿಸಿತು.

ಅಲ್ಲಿ ಯಾರೂ ಇರಲಿಲ್ಲ. ವೀಬೆ ಕಾಲುವೆಯ ಆಚೆ ದಡದಲ್ಲಿ ಮೀನು ತಿನ್ನುತ್ತಾ ನಿಂತಿದ್ದ.

"ಏಯ್, ನಾನಿಲ್ಲದೆ ಹೆಂಗೋ ಇಳಿದೆ?" ಅಂತ ಕೂಗಿದ.

ಸೊಂಟದ ಗಂಟು ಬಿಚ್ಚಿ, ಕಲ್ಲಿನ ಮೇಲೆ ಬಿದ್ದಿದ್ದ ಇನ್ನೊಂದು ತುದಿಯನ್ನು ಎತ್ತಿಕೊಂಡೆ. ಆ ಜನವರಿಯ ಚಳಿಯಲ್ಲೂ ಅದು ಅಂಗೈಯಷ್ಟು ಬೆಚ್ಚಗಿತ್ತು.

ಕೈಯಲ್ಲಿರುವಾಗಲೇ ಮೇಲಿನಿಂದ ಯಾರೋ ಜಗ್ಗಿದರು. ಒಂದು ಸಲ, ಎರಡು ಸಲ, ಮೂರು ಸಲ.

ಆಗಲೂ ನಾನು ಬಿಗಿಯಾಗಿ ಹಿಡಿಯಲಿಲ್ಲ.