ಎಡದಿಂದ ಬಲಕ್ಕೆ

1993ರ ಏಪ್ರಿಲ್ 21, ಬುಧವಾರ ಬೆಳಿಗ್ಗೆ ಸಾವಕ್ಕ ಕಾಗವಾಡ ಪೊಲೀಸ್ ಠಾಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ಮಧ್ಯಾಹ್ನ ಶೇಡಬಾಳದ ನೇಮಿನಾಥನ ಬಡಗಿ ಶೆಡ್ಡಿನಲ್ಲಿ ಆಕೆಯ ಗಂಡ ಮಾಳಸಿದ್ದನ ಬಲಗೈ ರೂಟರ್ ಯಂತ್ರಕ್ಕೆ ಸಿಕ್ಕಿತ್ತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಹೋಗಿದ್ದವು. ಅವನನ್ನು ಮಿರಜದ ದವಾಖಾನೆಗೆ ಸೇರಿಸಿ ಆಕೆ ನೇರವಾಗಿ ಠಾಣೆಗೆ ಬಂದಿದ್ದಳು. ಸೀರೆಯ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು.

ಶೆಡ್ಡಿನ ಮಾಲೀಕ ನೇಮಿನಾಥ ದವಾಖಾನೆಯಲ್ಲಿ ಕಂಡವರಿಗೆಲ್ಲ ಮಾಳಸಿದ್ದನದೇ ತಪ್ಪು, ಮೈಮೇಲೆ ಎಚ್ಚರ ಇರಲಿಲ್ಲ ಎಂದು ಹೇಳುತ್ತಿದ್ದನಂತೆ.

“ನನ್ನ ಗಂಡ ಹತ್ತ ವರ್ಷ ಆ ಮಷೀನ್ ಹಿಡದಾನ್ರಿ, ಮೈಮ್ಯಾಲ ಒಂದ ಗೀರಿಲ್ಲ,” ಎಂದಳು ಸಾವಕ್ಕ. “ತಪ್ಪ ಅವಂದ ಅಂದ್ರ ಹಂಗ ಬರದ ಕೊಡ್ರಿ, ಸುಮ್ನ ಮನಿಗೆ ಹೋಗ್ತೀನಿ. ಅಲ್ಲಂದ್ರ ಯಾರದು ಅನ್ನೋದ ನನಗ ಗೊತ್ತಾಗಬೇಕು.”

ಪಿಎಸ್‌ಐ ಗಂಗಾರಾಮ ಕಾಂಬಳೆ ದೂರು ಬರೆಸಿಕೊಂಡರು. ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ, ಅದರಿಂದ ತೀವ್ರ ಗಾಯ ಎಂದು ನೇಮಿನಾಥನ ಮೇಲೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಅವರು ಕಾನ್‌ಸ್ಟೇಬಲ್ ಜಿನ್ನಪ್ಪನ ಜೊತೆ ಶೆಡ್ಡಿನಲ್ಲಿದ್ದರು.

ರೂಟರ್ ಎರಡೂ ಕೈಯಲ್ಲಿ ಹಿಡಿದು ಓಡಿಸುವ ಯಂತ್ರ. ಬಾಗಿಲು ಚೌಕಟ್ಟಿಗೆ ಗಾಡಿ, ಅಂದರೆ ಉದ್ದನೆಯ ತೋಡು, ಹೊಡೆಯಲು, ಅಂಚಿಗೆ ನಕ್ಷೆ ತೆಗೆಯಲು ಬಳಸುತ್ತಾರೆ. ಅದರ ತುದಿಯಲ್ಲಿ ಕೊರೆಯುವ ಅಲಗು, ಬಿಟ್, ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ. ಈಗ ಅದು ಮೋಟಾರು ಸುಟ್ಟು ಸಾಗವಾನಿ ಹಲಗೆಯ ಪಕ್ಕ ಬಿದ್ದಿತ್ತು. ಸ್ವಿಚ್ಚು ಚಾಲೂ ಸ್ಥಿತಿಯಲ್ಲೇ ಲಾಕ್ ಆಗಿತ್ತು. ಬಿಟ್ ಬಿಚ್ಚುವ ಪಾನಾ ಆಚೆ ಗೋಡೆಯ ಬುಡದಲ್ಲಿ ಸಿಕ್ಕಿತು. ವೈರು ಹಿಡಿದು ಹೋದ ಕಾಂಬಳೆ ಸಾಕೆಟ್ಟಿನ ಮುಂದೆ ನಿಂತರು. ಎರಡು ಬರಿಯ ತಂತಿಗಳನ್ನು ರಂಧ್ರಕ್ಕೆ ತುರುಕಿ ಕಡ್ಡಿಪೆಟ್ಟಿಗೆಯ ಕಡ್ಡಿಗಳಿಂದ ಬಿಗಿ ಮಾಡಲಾಗಿತ್ತು.

“ಪ್ಲಗ್ ಎಲ್ಲಿ?”

“ಒಡದ ಹೋತ್ರಿ ಸಾಹೇಬ್ರ,” ಎಂದ ನೇಮಿನಾಥ.

“ಯಾವಾಗ?”

“ಹ್ವಾದ ದೀಪಾವಳಿಗೆ.”

ಕಾಂಬಳೆ ಜಿನ್ನಪ್ಪನಿಗೆ, ಪಂಚನಾಮೆಯಲ್ಲಿ ಕಡ್ಡಿಗಳನ್ನೂ ಬರೆ, ಒಂದೊಂದನ್ನೂ ಎಣಿಸಿ ಬರೆ ಎಂದರು. ಜಿನ್ನಪ್ಪ ಮೆತ್ತಗೆ, “ಸಾವಕಾರ್ರ ಮನಿ ಟಿವಿಗೆ ಪ್ಲಗ್ ಐತೇನ್ರಿ?” ಎಂದು ಕೇಳಿದ.

ಈ ತಂತಿಯಿಂದಾಗಿ ಶೆಡ್ಡಿನಲ್ಲಿ ಒಂದು ರೂಢಿ ಬೆಳೆದಿತ್ತು. ಪಾಲಿಶ್ ಕೆಲಸದ ಲಗಮಪ್ಪ ಅದನ್ನು ವಿವರಿಸಿದ. ತಂತಿ ಕಿತ್ತರೆ ಮತ್ತೆ ಕೂರಿಸುವುದು ತಾಪತ್ರಯ. ಹಾಗಾಗಿ ಬಿಟ್ ಬದಲಿಸುವುದೆಲ್ಲ ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ. ಶೇಡಬಾಳದಲ್ಲಿ ದಿನಾ ಎರಡಕ್ಕೆ ಹೋದ ಕರೆಂಟು ನಾಲ್ಕರವರೆಗೆ ಬರುವುದಿಲ್ಲ. ಯಂತ್ರದ ಸ್ವಿಚ್ಚನ್ನೂ ಯಾರೂ ಆರಿಸುವುದಿಲ್ಲ. ಕರೆಂಟು ಬಂದಾಗ ರೂಟರ್ ತಾನೇ ಕಿರುಚಿಕೊಳ್ಳುತ್ತದೆ, ಮಲಗಿದವರು ಎದ್ದು ಬರುತ್ತಾರೆ. ಮಂಗಳವಾರವೂ ಎರಡಕ್ಕೆ ಕರೆಂಟು ಹೋಯಿತು. ಮಾಳಸಿದ್ದ ಪಾನಾ ತೆಗೆದುಕೊಂಡ, ಲಗಮಪ್ಪ ಹಲಗೆ ಮೇಲೆ ಮಲಗಿದ. ಹತ್ತು ನಿಮಿಷವೂ ಆಗಿರಲಿಲ್ಲ, ಯಂತ್ರ ಕಿರುಚಿತು, ಅದರ ಹಿಂದೆಯೇ ಮನುಷ್ಯ.

ಎರಡು ತಾಸು ಬಾರದ ಕರೆಂಟು ಹತ್ತು ನಿಮಿಷಕ್ಕೆ ಹೇಗೆ ಬಂತು? ಕಾಂಬಳೆ ಪಕ್ಕದ ಮನೆಗೆ ಹೋದರು. ಅಲ್ಲಿ ಕೆಂಪವ್ವ ಎಂಬ ಮುದುಕಿ ಮೊಮ್ಮಗುವಿನ ತೊಟ್ಟಿಲ ಹತ್ತಿರ ಕೂತಿದ್ದಳು. ತೊಟ್ಟಿಲ ಎದುರು ಟೇಬಲ್ ಫ್ಯಾನು ತಿರುಗುತ್ತಿತ್ತು.

ನಿನ್ನೆ ಕರೆಂಟು ಎಷ್ಟೊತ್ತಿಗೆ ಹೋಯಿತು ಎಂದು ಕಾಂಬಳೆ ಕೇಳಿದರು. ಎರಡೂವರೆಗೆ ಎಂದಳು ಕೆಂಪವ್ವ. ಎರಡಕ್ಕಲ್ಲವೇ ಎಂದರೆ ಆಕೆಗೆ ಸಿಟ್ಟು ಬಂತು.

“ನನಗ ಗಡಿಯಾರ ಬ್ಯಾಡೋ ಯಪ್ಪಾ. ಫ್ಯಾನ್ ನಿಂತ್ರ ಈ ಕೂಸು ಓಣಿ ಎಬ್ಬಸತೈತಿ. ನಿನ್ನಿ ಆ ಮನಷ್ಯಾ ಚೀರಿದಾಗ ಕೂಸು ಮಲಗಿತ್ತು, ಫ್ಯಾನ್ ತಿರಗತಿತ್ತು. ಅವನ್ನ ಜೀಪನ್ಯಾಗ ಹಾಕ್ಕೊಂಡ ಹ್ವಾದ ಮ್ಯಾಲ ಕರೆಂಟ್ ಹೋತು.”

ಲೈನ್‌ಮನ್‌ನನ್ನು ಕರೆಸಿ ಕೇಳಿದಾಗ ಆತನೂ ಮಂಗಳವಾರ ಅರ್ಧ ತಾಸು ತಡವಾಗಿತ್ತು ಎಂದ. ಶೆಡ್ಡಿಗೂ ಕೆಂಪವ್ವನ ಮನೆಗೂ ವೈರು ಒಂದೇ ಕಂಬದ ಒಂದೇ ತಂತಿಯಿಂದ ಬಂದಿತ್ತು. ಅಂದರೆ ಎರಡಕ್ಕೆ ಕರೆಂಟು ಹೋದದ್ದು ಶೆಡ್ಡಿಗೆ ಮಾತ್ರ: ಯಾರೋ ಅದರ ಫ್ಯೂಸ್ ತೆಗೆದು, ಹತ್ತು ನಿಮಿಷಕ್ಕೆ ಮತ್ತೆ ಹಾಕಿದ್ದರು.

ಫ್ಯೂಸ್ ಬೋರ್ಡು ಶೆಡ್ಡಿನ ಹಿಂಗೋಡೆಗೆ, ತಗಡಿನ ಕೆಳಗಿತ್ತು. ಪಕ್ಕದಲ್ಲೊಂದು ಕಿಟಕಿ. ಅಲ್ಲಿ ನಿಂತರೆ ಒಳಗಿನ ರೂಟರ್ ಮೇಜು ನೇರ ಕಾಣುತ್ತದೆ. ಬುಡದಲ್ಲಿ ಮೂರು ಕಲ್ಲಿನ ಒಲೆ, ಮೇಲೆ ಕಟ್ಟಿಗೆ ಅಂಟಿಸುವ ಸರೇಸು ಕಾಯಿಸುವ ಗಡಿಗೆ. ಲೈನ್‌ಮನ್ ಕಂಬದಲ್ಲಿ ಸಂಪರ್ಕ ತೆಗೆದ ಮೇಲೆ ಕಾಂಬಳೆ ಬಟ್ಟೆಯಲ್ಲಿ ಹಿಡಿದು ಫ್ಯೂಸಿನ ಪಿಂಗಾಣಿ ಹಿಡಿಕೆಯನ್ನು ಹೊರಗೆಳೆದರು. ಬಿಳಿ ಪಿಂಗಾಣಿಯ ಮೇಲೆ ಸರೇಸು ಒಣಗಿತ್ತು. ಒಂದು ಕಡೆ ಹೆಬ್ಬೆಟ್ಟು, ಇನ್ನೊಂದು ಕಡೆ ಎರಡೇ ಬೆರಳು.

ಅಂದು ಸರೇಸು ಹಚ್ಚುತ್ತಿದ್ದವನು ಹಿರಿಯ ಮೇಸ್ತ್ರಿ ಧರೆಪ್ಪ. ಅವನ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಇರಲಿಲ್ಲ. ಎರಡು ವರ್ಷದ ಹಿಂದೆ ಅದೇ ರೂಟರ್ ಕಿತ್ತುಕೊಂಡಿತ್ತು. ಜಿನ್ನಪ್ಪ ಆಗಲೇ ಅವನನ್ನು ಹಿಡಿಯಲು ಹೊರಟ. ಕಾಂಬಳೆ ತಡೆದು, ಅವನ ಮೇಲೆ ಕಣ್ಣಿಡಲು ಹೇಳಿ, ಮಿರಜಕ್ಕೆ ಹೋದರು.

ಮಾಳಸಿದ್ದ ದಿಂಬಿಗೆ ಒರಗಿದ್ದ. ಸಾವಕ್ಕ ಬಟ್ಟಲಲ್ಲಿ ಗಂಜಿ ಹಿಡಿದಿದ್ದಳು. ಧರೆಪ್ಪನ ಬೆರಳು ಹೇಗೆ ಹೋದವು ಎಂದು ಕಾಂಬಳೆ ಕೇಳಿದರು.

“ಉಲ್ಟಾ ಓಡಿಸಿದ್ರಿ,” ಎಂದ ಮಾಳಸಿದ್ದ. ಕೇಳಿದ್ದಕ್ಕೆ ವಿವರಿಸಿದ: ಹಲಗೆಯ ಅಂಚಿಗೆ ಮುಖ ಮಾಡಿ ನಿಂತರೆ ಯಂತ್ರ ಎಡದಿಂದ ಬಲಕ್ಕೆ ಹೋಗಬೇಕು, ಬಿಟ್ ತಿರುಗುವುದಕ್ಕೆ ಎದುರಾಗಿ. ಆಗ ಅದು ಕೈಯಲ್ಲಿ ನಿಲ್ಲುತ್ತದೆ. ಬಲದಿಂದ ಎಡಕ್ಕೆ ದೂಡಿದರೆ ಬಿಟ್ ಕಟ್ಟಿಗೆಯನ್ನು ಕಚ್ಚಿ, ಯಂತ್ರವನ್ನೇ ಎಳೆದುಕೊಂಡು ಓಡುತ್ತದೆ. ಆಳವಾಗಿ ಇಳಿಸಿದ್ದರಂತೂ ಹಿಡಿಯಲಾಗುವುದಿಲ್ಲ.

“ಕಲಸುವಾಗ ಇದನ್ನ ಧರೆಪ್ಪಗ ಹೇಳಿದ್ದಿ?”

ಮಾಳಸಿದ್ದ ಗೋಡೆ ನೋಡಿದ. ಕಾಂಬಳೆ ಎರಡನೇ ಸಲ ಕೇಳಿದರು.

“ಅವನ ಉಳಿ ಕೆಲಸ ನೋಡೀರೇನ್ರಿ ಸಾಹೇಬ್ರ? ಮಷೀನೂ ಕಲ್ತಿದ್ರ ನನ್ನ ಯಾರ ಕೇಳತಿದ್ರು? ಹಿಡ್ಕೊಂಡ ದೂಡ ಅಂದೆ. ಅಷ್ಟ.”

“ಆಮ್ಯಾಲ?”

“ಕುಡದ ಬಂದಿದ್ದ ಅಂತ ಸಾವಕಾರ್ರು ದವಾಖಾನ್ಯಾಗ ಬರಿಸಿದ್ರು. ನಾನೂ ಹೂಂ ಅಂದೆ.”

ಸಾವಕ್ಕ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. “ಧರೆಪ್ಪನ ಹೇಣ್ತಿ ಗಿರಿಜವ್ವ ನನ್ನ ಮುಂದ ಅತ್ತಾಗ ನಾ ಏನಂದೆ ಗೊತ್ತೇನ? ಗಂಡಗ ಕುಡಿಯೂದ ಬಿಡಸ ಅಂದೆ,” ಎಂದಳು. ಗಂಡ ಹೆಸರು ಹಿಡಿದು ಕರೆದ. ಆಕೆ ವರಾಂಡಕ್ಕೆ ಹೋಗಿ ನಿಂತಳು. ಒಳಗೆ ಬರಲಿಲ್ಲ.

ಏಪ್ರಿಲ್ 22ರಂದು ಧರೆಪ್ಪನನ್ನು ಠಾಣೆಗೆ ಕರೆತಂದರು. ಕಾಂಬಳೆ ಮೇಜಿನ ಮೇಲೆ ಫ್ಯೂಸ್ ಇಟ್ಟು, ಇದನ್ನು ಮುಟ್ಟಿದ್ದಿಯಾ ಎಂದರು. ಇಲ್ಲ ಎಂದ. ಹಾಗಾದರೆ ಇದನ್ನು ಹಿಡಿದು ತೋರಿಸು ಎಂದರು. ಧರೆಪ್ಪ ಆ ಗುರುತುಗಳನ್ನು ನೋಡಿದ. ಕೈ ಚಾಚಲಿಲ್ಲ.

“ಹೆದರಿಸಬೇಕಂತ ಹಾಕಿದಿ?”

“ಇಲ್ರಿ. ಕಿಡಕ್ಯಾಗ ನೋಡಕೋತ ನಿಂತಿದ್ದೆ. ಪಾನಾ ಹಚ್ಚಿ ಕೈ ಒಳಗ ಇಟ್ಟ. ಆಗ ಹಾಕಿದೆ.”

“ಮಾಲೀಕ ಪ್ಲಗ್ ಹಾಕಿಸಿದ್ರ ಇದ ಆಗತಿದ್ದಿಲ್ಲ.”

“ಅವಂದೂ ಬರೀರಿ. ನಂದೂ ಬರೀರಿ.”

ಕಾಂಬಳೆ ಎರಡನ್ನೂ ಬರೆದರು. ನೇಮಿನಾಥನ ಹೆಸರು ಎಫ್‌ಐಆರ್‌ನಿಂದ ಹೋಗಲಿಲ್ಲ. ಧರೆಪ್ಪನ ಮೇಲೆ ಅಪಾಯಕಾರಿ ಸಾಧನದಿಂದ ಬೇಕೆಂದೇ ತೀವ್ರ ಗಾಯ ಮಾಡಿದ ಕಲಂ ಸೇರಿತು. ಸಂಜೆ ನಾಲ್ಕಕ್ಕೆ ಬಂಧನದ ಪಂಚನಾಮೆ ಆಯಿತು.

ಮೂವತ್ತು ವರ್ಷ ಉಳಿ ಹಿಡಿದ ಧರೆಪ್ಪ ಎರಡು ವರ್ಷ ತನ್ನದೇ ತಪ್ಪೆಂದು ನಂಬಿದ್ದ. ಶೆಡ್ಡಿನಲ್ಲಿ ಅವನಿಗೆ ಸರೇಸು ಕಾಯಿಸುವ ಕೆಲಸ ಉಳಿದಿತ್ತು. ಕಳೆದ ತಿಂಗಳು ಮಾಳಸಿದ್ದ ಲಗಮಪ್ಪನಿಗೆ ಯಂತ್ರ ಕಲಿಸುತ್ತ, ಮೊದಲ ಮಾತಾಗಿ ಅದು ಯಾವ ಕಡೆಗೆ ಹೋಗಬೇಕೆಂದು ಹೇಳಿದ. ಧರೆಪ್ಪ ಅಲ್ಲೇ ಒಲೆಯ ಹತ್ತಿರ ಕೂತು ಕೇಳಿಸಿಕೊಂಡ. ತನ್ನ ಬೆರಳು ಉಳಿಸಬಹುದಾಗಿದ್ದದ್ದು ಅಷ್ಟು ಸಣ್ಣ ಮಾತೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಹಿ ಮಾಡಲು ಜಿನ್ನಪ್ಪ ಪೆನ್ನು ಕೊಟ್ಟ. ಧರೆಪ್ಪ ಅಕ್ಷರ ಬಲ್ಲವನು. ಪೆನ್ನನ್ನು ಒಂದು ಸಲ ನೋಡಿ ಹಿಂದಕ್ಕೆ ಕೊಟ್ಟು, ಶಾಯಿಯ ಡಬ್ಬಿಯ ಕಡೆಗೆ ಹೆಬ್ಬೆರಳು ಚಾಚಿದ.